ಹಳ್ಳದ ಕವರು ಕಡಲಿಗೆ

(ತಾಯಂದಿರ ಸಭೆಯಲ್ಲಿ ಆಡಿದ ಮಾತು)



ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಬಯಲು ಸೀಮೆ. ಇಲ್ಲಿ ಮಳೆ ಕಡಿಮೆ. ಶೇಂಗಾ ಹೊಲಕ್ಕೆ ಒಂದು ಹದ ಮಳೆ ಬಂದರೆ ಸಾಕಪ್ಪಾ ಅಂತ ಮುಗಿಲು ನೋಡೋ ಜನ ನಾವು. ನಮ್ಮಲ್ಲಿ ಬಹಳ ಮಂದಿ ಸಮುದ್ರ ನೋಡಿಲ್ಲ. ಸಮುದ್ರಕ್ಕೂ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು.

ಸಂಬಂಧ ಐತೆ. ಹೇಳ್ತೀನಿ, ಕೇಳ್ರಿ.

ಪರಶುರಾಂಪುರದ ಕಡೆ ವೇದಾವತಿ ಹೊಳೆ ಐತಲ್ಲ? ಅದು ಮುಂದೆ ಆಂಧ್ರಕ್ಕೆ ಹೋಗುತ್ತೆ. ಅಲ್ಲಿಂದ ತಿರುಗಿ ಬಳ್ಳಾರಿ ಸೀಮೆಗೆ ಬರುತ್ತೆ. ಅಲ್ಲಿ ಅದಕ್ಕೆ ಹಗರಿ ಅಂತ ಹೆಸರು. ಹಗರಿ ತುಂಗಭದ್ರೆಗೆ ಸೇರುತ್ತೆ. ತುಂಗಭದ್ರೆ ಕೃಷ್ಣೆಗೆ ಸೇರುತ್ತೆ. ಕೃಷ್ಣೆ ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿಗೆ ಸೇರುತ್ತೆ. ಅದೇ ಸಮುದ್ರ.

ನಮ್ಮ ಹಳ್ಳಗಳು ವರ್ಷದಲ್ಲಿ ಬಹಳ ದಿನ ಒಣಗಿರುತ್ತವೆ. ಹಳ್ಳ ಒಣಗಿದೆ ಅಂತ ನಾವು ಕಸ ಅಲ್ಲೇ ಸುರಿಯುತ್ತೇವೆ. ಕಸ ಸುಮ್ಮನೆ ಕೂತಿರುತ್ತೆ. ಮಳೆಗಾಗಿ ಕಾಯುತ್ತೆ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ ಕೋಡಿ ಬಿತ್ತು. 1933ರಲ್ಲಿ ಬಿದ್ದ ಕೋಡಿ, ಆಮೇಲೆ 89 ವರ್ಷಕ್ಕೆ ಬಿತ್ತು. ವೇದಾವತಿ ತುಂಬಿ ಹರಿಯಿತು. ಹೊಳೆ ಹಾಗೆ ಬಂದಾಗ ಕಸವೂ ಹೊರಡುತ್ತೆ. ಕೆಲವು ಕವರು ಜಾಲಿ ಗಿಡಕ್ಕೆ ಸಿಕ್ಕಿಕೊಳ್ಳುತ್ತವೆ. ಕೆಲವು ಅಣೆಕಟ್ಟಿನ ಕೆಸರಲ್ಲಿ ಹೂತುಹೋಗುತ್ತವೆ. ಉಳಿದವು ಮುಂದಕ್ಕೆ ಸಾಗುತ್ತವೆ.

ಒಂದು ಕವರಿನಿಂದ ಏನಾಗುತ್ತೆ ಅನ್ನಬೇಡಿ. ಹನಿ ಹನಿ ಗೂಡಿದರೆ ಹಳ್ಳ ಅಲ್ಲವೇ? ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ ಪ್ಲಾಸ್ಟಿಕ್ ಕೆರೆ, ಹೊಳೆ, ಸಮುದ್ರಕ್ಕೆ ಸೇರುತ್ತೆ. ಇದು ವಿಶ್ವಸಂಸ್ಥೆಯ ಅಂದಾಜು.

ಸಮುದ್ರದಲ್ಲಿ ಆಮೆ ಇರುತ್ತೆ. ಲೋಳೆಯಂಥ ಒಂದು ಜೀವಿ ಅದರ ಆಹಾರ. ನೀರಲ್ಲಿ ತೇಲೋ ಕವರು ಅದರ ಹಾಗೇ ಕಾಣುತ್ತೆ. ಆಮೆ ನುಂಗುತ್ತೆ. ಕವರು ಕರಗಲ್ಲ. ಆಮೆ ಸಾಯುತ್ತೆ.

ಮಕ್ಕಳು ಕಡಲಾಮೆ ನೋಡಿಲ್ಲ. ಆದರೆ ಹಸು ನೋಡಿದ್ದಾರೆ. ನಮ್ಮದು ದೇವರ ಎತ್ತಿಗೆ ಕೈ ಮುಗಿಯೋ ಸೀಮೆ. ಅದಕ್ಕೇ ಮಕ್ಕಳಿಗೆ ಹಸುವಿನಿಂದಲೇ ಶುರು ಮಾಡಿ. ಉಳಿದ ಅನ್ನ, ತರಕಾರಿ ಸಿಪ್ಪೆ ಕವರಿಗೆ ಹಾಕಿ, ಗಂಟು ಕಟ್ಟಿ ಎಸೆಯುತ್ತೇವೆ. ಹಸುವಿಗೆ ಗಂಟು ಬಿಚ್ಚೋಕೆ ಬರಲ್ಲ. ಕವರಿನ ಸಮೇತ ನುಂಗುತ್ತೆ. ಹೊಟ್ಟೆಯಲ್ಲಿ ಕವರು ಉಂಡೆ ಕಟ್ಟುತ್ತೆ. ಹಸು ಮೇವು ಬಿಡುತ್ತೆ, ಹಾಲು ಇಳಿಯುತ್ತೆ, ಕಡೆಗೆ ಜೀವವೂ ಹೋಗುತ್ತೆ. ದನದ ಡಾಕ್ಟರು ಹೊಟ್ಟೆ ಕೊಯ್ದು ಕೆಜಿಗಟ್ಟಲೆ ಪ್ಲಾಸ್ಟಿಕ್ ತೆಗೆದದ್ದುಂಟು. ಇದನ್ನು ಹೇಳಿ, ಆಮೇಲೆ ಆಮೆಯ ಕಥೆ ಹೇಳಿ. ಮಗುವಿಗೆ ತಟ್ಟನೆ ತಿಳಿಯುತ್ತೆ.

ಇನ್ನೊಂದು ಆಟ ಮಾಡಿಸಿ. ಹಳೇ ಕುಂಡದಲ್ಲಿ ಮಣ್ಣು ತುಂಬಿ. ಮಗುವಿನ ಕೈಯಲ್ಲೇ ಒಂದು ಬಾಳೆಹಣ್ಣಿನ ಸಿಪ್ಪೆ, ಒಂದು ಬೇವಿನ ಎಲೆ, ಒಂದು ಚಾಕಲೇಟ್ ಕಾಗದ ಹೂಳಿಸಿ. ದಿನಾ ಸ್ವಲ್ಪ ನೀರು ಹಾಕಲಿ. ಎರಡು ತಿಂಗಳಾದ ಮೇಲೆ ಅಗೆದು ನೋಡಲಿ.

“ಅವ್ವಾ, ಸಿಪ್ಪೆ ಎಲ್ಲಿ ಹೋಯ್ತು?”

“ಮಣ್ಣಾಯ್ತು ಕಣಪ್ಪಾ.”

“ಚಾಕಲೇಟ್ ಕಾಗದ ಹಂಗೇ ಐತಲ್ಲಾ!”

ಅಷ್ಟು ಸಾಕು. ನೀವು ಭಾಷಣ ಮಾಡೋದು ಬೇಡ. ಹೆದರಿಸೋದೂ ಬೇಡ. ಹೊಡೆದು ಕಲಿಸೋದು ಬೇಡವೇ ಬೇಡ. ಚಾಕಲೇಟ್ ಕಾಗದ ಜೇಬಲ್ಲಿಟ್ಟು ಮನೆಗೆ ತರೋಕೆ ಹೇಳಿ. ತಂದರೆ ಶಭಾಷ್ ಅನ್ನಿ.

ಮಕ್ಕಳು ನಮ್ಮ ಬಾಯಿ ನೋಡಲ್ಲ, ಕೈ ನೋಡುತ್ತವೆ. ಸಂತೆಗೆ ಹೋಗುವಾಗ ಕೈಯಲ್ಲಿ ಬಟ್ಟೆ ಚೀಲ ಇರಲಿ. ಒಲೆ ಹೊತ್ತಿಸೋಕೆ ಕವರು ಸುಡಬೇಡಿ. ಆ ಹೊಗೆ ವಿಷ. ಒಲೆ ಮುಂದೆ ಕೂತ ನಿಮಗೂ ಕೆಡುಕು, ಮಡಿಲಲ್ಲಿರೋ ಕೂಸಿಗೂ ಕೆಡುಕು.

ತಪ್ಪೆಲ್ಲ ಹೆಣ್ಣುಮಕ್ಕಳದ್ದೇ ಅಂತ ನಾನು ಹೇಳ್ತಿಲ್ಲ. ಕವರು ತಯಾರು ಮಾಡೋರು ಬೇರೆ, ಮಾರೋರು ಬೇರೆ. 2016ರಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧ ಮಾಡಿತು. ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಿದ್ದಾರೆ. ಆದರೂ ಅಂಗಡಿಯಲ್ಲಿ ಸಿಗುತ್ತವೆ. ಕಾನೂನು ಕಾಗದದ ಮೇಲೆ ಇದ್ದರೆ ಸಾಲದು. ಕೇಳೋರು ಬೇಕು.

ಈಗ ನಿಮಗೆ ಓದು ಬರಹ ಬಂದಿದೆ. ನೀವೇ ಕೇಳಿ. ನಾಲ್ಕು ಜನ ಕೂಡಿ ಒಂದು ಅರ್ಜಿ ಬರೆಯಿರಿ. “ನಮ್ಮ ಓಣಿಗೆ ಕಸದ ಗಾಡಿ ಕಳಿಸಿ. ಹಳ್ಳಕ್ಕೆ ಕಸ ಸುರಿಯುವುದನ್ನು ನಿಲ್ಲಿಸಿ.” ಇಷ್ಟೇ ಸಾಕು. ಕೆಳಗೆ ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡಿ. ಗ್ರಾಮಸಭೆಯಲ್ಲಿ ಕೊಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವ್ವ ಅರ್ಜಿ ಕೊಟ್ಟದ್ದನ್ನು ಅವರೂ ನೋಡಲಿ. ಅದೂ ಒಂದು ಪಾಠ.