ಸಾಲದ ಗೆರೆ, ಚರಂಡಿಯ ನೀರು
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಕೃಷಿ ಪತ್ತಿನ ಸಹಕಾರ ಸಂಘಕ್ಕೆ 25 ವರ್ಷ ತುಂಬಿದೆ. ನಾನು ಎಸ್ಸೆಸ್ಸೆಲ್ಸಿ ಓದಿದ ಒಬ್ಬ ರೈತ. ಭಾಷಣ ಮಾಡಿ ಅಭ್ಯಾಸ ಇಲ್ಲ. ಬೆಳೆ ಸಾಲ, ಗೊಬ್ಬರ, ಬೀಜದ ವಿಚಾರವನ್ನು ಹಿರಿಯರು ಮಾತಾಡಿದ್ದಾರೆ. ನಾನು ಬೇರೆ ಒಂದು ವಿಷಯ ಎತ್ತುತ್ತೇನೆ. ಅದು ಚರಂಡಿಯ ವಿಷಯ. ಹಬ್ಬದ ದಿನ ಇದೇನಪ್ಪ ಕೊಳಚೆ ಮಾತು ಅಂತ ಯಾರೂ ಬೇಸರ ಮಾಡಿಕೊಳ್ಳಬಾರದು. ಕೊನೆಗೆ ಇದೂ ಸಹಕಾರದ ಮಾತೇ.

ಸಂಘ ಶುರುವಾದಾಗ ನಮ್ಮ ಕೆರೆ ಹೇಗಿತ್ತು ಅಂತ ಇಲ್ಲಿ ಕೂತಿರುವ ಬಹಳ ಜನಕ್ಕೆ ನೆನಪಿದೆ. ದನ ಮೈ ತೊಳೆಯುತ್ತಿದ್ದದ್ದು ಅಲ್ಲೇ, ಹುಡುಗರು ಈಜು ಕಲಿತದ್ದು ಅಲ್ಲೇ. ನಾನೂ ಅಲ್ಲೇ ಕಲಿತವನು. ಆಮೇಲೆ ಮೈಸೂರು ಬೆಳೆಯಿತು, ಊರಿನ ಮೇಲುಗಡೆ ಹೊಲಗಳೆಲ್ಲ ಬಡಾವಣೆ ಆದವು. ಅಲ್ಲಿ ರಸ್ತೆ ಆಯಿತು, ಕರೆಂಟು ಬಂತು, ಪಾರ್ಕಿಗೆ ಜಾಗ ಬಿಟ್ಟರು. ಬಚ್ಚಲು ನೀರು, ಕಕ್ಕಸಿನ ನೀರು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ. ನೀರಿಗೆ ನಕ್ಷೆ ಬೇಕಾಗಿಲ್ಲ. ಇಳಿಜಾರು ಹಿಡಿದು ನಮ್ಮ ಕೆರೆಗೆ ಬಂತು. ಹೋದ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಯ ಎರಡು ಹಸು ಆ ನೀರು ಕುಡಿದು ಹಾಲು ಇಳಿಸಿದವು. ನಮ್ಮ ತಂದೆ ತೋಡಿಸಿದ ಬಾವಿಗೆ ಈಗ ಹಗ್ಗವೇ ಬಿಡುವುದಿಲ್ಲ.

ನಾನು ಸಂಬಂಧಪಟ್ಟವರನ್ನು ಕೇಳಲು ಹೋದೆ. ಒಂದು ಕಡೆ, ದುಡ್ಡಿಲ್ಲ ಅಂದರು. ಸಾಲ ತಂದು ಮಾಡಿ ಅಂದೆ. ಹಾಗೆಲ್ಲ ಸಾಲ ತರುವುದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ ಅಂದರು. ಆಗ ಸಿಟ್ಟು ಬಂತು. ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದಾಗ ನಮ್ಮ ಸಂಘದ್ದೇ ಒಂದು ಸಂಗತಿ ನೆನಪಾಯಿತು.

ಪ್ರತಿ ವರ್ಷ ನಮ್ಮ ಮಹಾಸಭೆಯಲ್ಲಿ ಕಾರ್ಯದರ್ಶಿಗಳು ಗರಿಷ್ಠ ಸಾಲದ ಮಿತಿಯನ್ನು ಓದುತ್ತಾರೆ. ಆ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಊಟದ ಎಲೆ ಹಾಕಿದರೋ ಇಲ್ಲವೋ ಅಂತ ನೋಡುತ್ತಿರುತ್ತೇವೆ. ಆದರೆ ಅದು ಬಹಳ ದೊಡ್ಡ ಮಾತು. ಷೇರು ಹಣ, ಮೀಸಲು ನಿಧಿ ಸೇರಿದ ಸ್ವಂತ ಬಂಡವಾಳ ನೋಡಿ, ಸಂಘ ಹೊರಗಿನಿಂದ ಇಷ್ಟರ ಮೇಲೆ ಸಾಲ ತರಬಾರದು ಅಂತ ಗೆರೆ ಹಾಕುತ್ತೇವೆ. ಗೋದಾಮು ಕಟ್ಟಬೇಕು ಅಂದಾಗ ನಾನೇ ಎದ್ದು ನಿಂತು, ಮಿತಿ ಗಿತಿ ಬೇಡ, ಸಾಲ ಎತ್ತೋಣ ಅಂತ ಕೂಗಾಡಿದ್ದೆ. ಹಿರಿಯ ನಿರ್ದೇಶಕರೊಬ್ಬರು, ಈಗ ಅವರು ನಮ್ಮೊಂದಿಗಿಲ್ಲ, "ತಮ್ಮಾ, ಸಾಲ ಎತ್ತುವವನು ನೀನು, ತೀರಿಸುವವನು ನಿನ್ನ ಮಗ" ಅಂದರು. ನಾವು ಮೂರು ವರ್ಷ ಕಾದೆವು. ಷೇರು ಜಾಸ್ತಿ ಮಾಡಿದೆವು, ಸುಸ್ತಿ ವಸೂಲಿ ಮಾಡಿದೆವು. ಮಿತಿ ತಾನಾಗಿಯೇ ಮೇಲಕ್ಕೆ ಹೋಯಿತು. ಇವತ್ತು ಈ ಶಾಮಿಯಾನದ ಹಿಂದೆ ಕಾಣುವ ಗೋದಾಮು ಹಾಗೆ ಎದ್ದದ್ದು.

ಊರಿನ ಸರ್ಕಾರಗಳಿಗೂ ಇಂಥದ್ದೇ ಗೆರೆ ಇದೆ. ಮಹಾನಗರ ಪಾಲಿಕೆ ತನ್ನ ಇಷ್ಟದಂತೆ ಸಾಲ ಮಾಡುವಂತಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರದ ಮಂಜೂರಾತಿ ಬೇಕು. ಹಾಗಾದರೆ ಸರ್ಕಾರ ಜಾಮೀನು ನಿಲ್ಲಲಿ ಅನ್ನುತ್ತೀರಿ. ಅದಕ್ಕೂ ಗೆರೆ ಇದೆ. 1999ರಲ್ಲಿ ರಾಜ್ಯ ಸರ್ಕಾರ ಕೊಡುವ ಖಾತರಿಗಳ ಮೇಲೆ ಮಿತಿ ಹಾಕುವ ಕಾಯ್ದೆಯೇ ಬಂತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು. ರಾಜ್ಯದ ವರ್ಷದ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3ರೊಳಗೆ ಇರಬೇಕು ಅನ್ನುವುದು ಅದರ ಮುಖ್ಯ ಗೆರೆ. ಕೊರೊನಾ ಬಂದ 2020ರಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿದರು. ಇನ್ನು ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ನಮ್ಮ ಸಂಘಕ್ಕೆ ಡಿ.ಸಿ.ಸಿ. ಬ್ಯಾಂಕು, ಅದರ ಮೇಲೆ ಅಪೆಕ್ಸ್ ಬ್ಯಾಂಕು, ಅದರ ಮೇಲೆ ನಬಾರ್ಡ್ ಇರುವ ಹಾಗೆ ಅಲ್ಲೂ ಮೆಟ್ಟಿಲ ಮೇಲೆ ಮೆಟ್ಟಿಲು.

ಹಾಗಿದ್ದರೆ ಮೈಸೂರಿನ ಒಳಚರಂಡಿ ಹೇಗಾಯಿತು? ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಟ್ಟಿ ಅರಸರ ಸರ್ಕಾರವೇ ಊರು ಸರಿಮಾಡಲು ಹೊರಟಿತು. ನಮ್ಮ ಕಾಲಕ್ಕೆ ಬಂದರೆ, ಪಾಲಿಕೆಯ ಕಂದಾಯದಿಂದ ಅಷ್ಟು ದೊಡ್ಡ ಕೆಲಸ ಆಗುವಂತಿರಲಿಲ್ಲ. 1993ರಲ್ಲಿ ರಾಜ್ಯ ಸರ್ಕಾರ ನಗರ ಮೂಲಸೌಕರ್ಯಕ್ಕೆಂದೇ ಒಂದು ಹಣಕಾಸು ನಿಗಮ ಮಾಡಿತು. 1995ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಸಾಲ ಒಪ್ಪಿತು. ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣ ಆ ಯೋಜನೆಯಲ್ಲಿದ್ದವು. ಸಾಲ ಪಡೆದದ್ದು ಕೇಂದ್ರ. ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ನಿಗಮಕ್ಕೆ, ಅಲ್ಲಿಂದ ಊರಿಗೆ ಅಂತ ಹಣ ಇಳಿದು ಬಂತು. ನಬಾರ್ಡ್‌ನಿಂದ ನಮ್ಮ ಪಾಸ್ ಪುಸ್ತಕಕ್ಕೆ ಬೆಳೆ ಸಾಲ ಇಳಿಯುವ ಹಾಗೆಯೇ.

ಆ ನೆರವಿನಲ್ಲಿ ಮೈಸೂರಿಗೆ ಮೂರು ಕೊಳಚೆ ನೀರು ಶುದ್ಧೀಕರಣ ಘಟಕಗಳಾದವು. ದಿನಕ್ಕೆ ವಿದ್ಯಾರಣ್ಯಪುರಂನದು 6 ಕೋಟಿ 76 ಲಕ್ಷ ಲೀಟರು, ರಾಯನಕೆರೆಯದು 6 ಕೋಟಿ, ಕೆಸರೆಯದು 3 ಕೋಟಿ. ಒಟ್ಟು 15 ಕೋಟಿ 76 ಲಕ್ಷ ಲೀಟರು. ನಮ್ಮ ಡೈರಿಯ 40 ಲೀಟರಿನ ಕ್ಯಾನಿಗೆ ತುಂಬಿಸಿದರೆ 39 ಲಕ್ಷ ಕ್ಯಾನು ಆಗುತ್ತದೆ, ಅದೂ ಪ್ರತಿದಿನ. ಪಟ್ಟಣದ ಬಡಗಣ ಇಳಿಜಾರು ಕಾವೇರಿ ಕಡೆಗೆ, ತೆಂಕಣ ಇಳಿಜಾರು ಕಪಿಲೆ ಕಡೆಗೆ. ಶುದ್ಧವಾಗದೆ ಹೋದದ್ದು ಯಾರ ಗದ್ದೆಗೆ, ಯಾರ ಕೊಡಕ್ಕೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

2005ರಲ್ಲಿ ಕೇಂದ್ರದ ನರ್ಮ್ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು ಎರಡೇ ಊರು ಅದಕ್ಕೆ ಆಯ್ಕೆಯಾದದ್ದು. 10 ಲಕ್ಷಕ್ಕಿಂತ ಕಡಿಮೆ ಜನರಿದ್ದ ಮೈಸೂರಿನಂಥ ಊರಿಗೆ 100 ರೂಪಾಯಿ ಕೆಲಸದಲ್ಲಿ 80 ಕೇಂದ್ರದ್ದು, 10 ರಾಜ್ಯದ್ದು, 10 ಮಾತ್ರ ಊರಿನದು. ಇದು ಸಾಲದ ಗೆರೆ ದಾಟದೆ ಕೆಲಸ ಮಾಡುವ ಒಂದು ದಾರಿ. ಸಾಲದ ಬದಲು ಅನುದಾನ.

ಇನ್ನೊಂದು ದಾರಿ ಸಹಕಾರಿಗಳಾದ ನಮಗೆ ಚೆನ್ನಾಗಿ ಅರ್ಥ ಆಗುವಂಥದ್ದು. ಬೆಂಗಳೂರಿನ ಸುತ್ತ ಎಂಟು ಸಣ್ಣ ಪುರಸಭೆ, ನಗರಸಭೆಗಳಿದ್ದವು. ಒಂದೊಂದೇ ಹೋದರೆ ಯಾರೂ ಸಾಲ ಕೊಡುತ್ತಿರಲಿಲ್ಲ. 2005ರಲ್ಲಿ ರಾಜ್ಯ ಸರ್ಕಾರ ಎಂಟನ್ನೂ ಒಂದು ಕಟ್ಟಾಗಿ ಕಟ್ಟಿ, ಒಂದು ನಿಧಿ ಮಾಡಿ, ಸಾಲಪತ್ರ ಹೊರಡಿಸಿ 100 ಕೋಟಿ ರೂಪಾಯಿ ಎತ್ತಿತು. ಅದು ಕಾವೇರಿ ಕುಡಿಯುವ ನೀರಿನ ಕೆಲಸಕ್ಕೆ. ಮನೆಗಳವರಿಂದಲೂ ವಂತಿಗೆ ಕಟ್ಟಿಸಿಕೊಂಡರು. ಕಂತು ತಪ್ಪಿದರೆ ಆ ಊರಿಗೆ ಸರ್ಕಾರದಿಂದ ಬರಬೇಕಾದ ಅನುದಾನದಲ್ಲೇ ಮುರಿದುಕೊಳ್ಳುವುದು ಅಂತ ಕರಾರು. ಇದೇನು ಹೊಸದೇ? ಹತ್ತು ಜನ ಸಣ್ಣ ರೈತರು ಒಂದು ಸಂಘ ಕಟ್ಟಿ ಒಬ್ಬೊಬ್ಬರಿಗೂ ಸಿಗದ ಸಾಲ ತರುವುದೇ ನಮ್ಮ ಕಸುಬು. ಕಬ್ಬಿನ ಬಿಲ್ಲಿನಲ್ಲಿ ಸಾಲ ಮುರಿದುಕೊಳ್ಳುವುದೂ ನಮಗೆ ಗೊತ್ತು.

ಗೆರೆಯೇ ಬೇಡ ಅನ್ನುವವರಿಗೆ ಒಂದು ಮಾತು. ಅಮೆರಿಕದ ಬಹಳ ಕಡೆ ಊರಿನ ಸಾಲಕ್ಕೆ ಕಾನೂನಿನ ಮಿತಿ ಇದೆ. ಆದರೆ ಚರಂಡಿ ಶುಲ್ಕದಿಂದಲೇ ತೀರಿಸುತ್ತೇವೆ ಅಂತ ಎತ್ತುವ ಸಾಲವನ್ನು ಅನೇಕ ಕಡೆ ಆ ಮಿತಿಯಲ್ಲಿ ಲೆಕ್ಕ ಹಿಡಿಯುವುದಿಲ್ಲ. ಅಲಬಾಮಾ ರಾಜ್ಯದ ಜೆಫರ್ಸನ್ ಕೌಂಟಿ ಅನ್ನುವ ಜಿಲ್ಲೆ ಒಳಚರಂಡಿಗೆ ಅಂತ 300 ಕೋಟಿ ಡಾಲರಿಗೂ ಮಿಕ್ಕಿ ಸಾಲ ಹೊತ್ತು, 2011ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಭಾರ ಬಿದ್ದದ್ದು ಬಡವರ ಮನೆಯ ಚರಂಡಿ ಬಿಲ್ಲಿನ ಮೇಲೆ. ನಮ್ಮ ಹಿರಿಯರು ಗೋದಾಮಿನ ದಿನ ಹೇಳಿದ್ದೂ ಇದನ್ನೇ.

ಈಗ ನಿಜವಾದ ಗಂಟು ಎಲ್ಲಿದೆ ಹೇಳುತ್ತೇನೆ. ಅನುದಾನವೋ ಸಾಲವೋ, ಘಟಕ ಕಟ್ಟುವುದಕ್ಕೆ ದುಡ್ಡು ಹೇಗೋ ಬರುತ್ತದೆ. ಮಂತ್ರಿಗಳು ಬಂದು ಟೇಪು ಕತ್ತರಿಸುತ್ತಾರೆ. ಮಾರನೆ ದಿನದಿಂದ ಪಂಪಿನ ಕರೆಂಟು ಬಿಲ್ಲು, ಹೂಳು ತೆಗೆಯುವ ಖರ್ಚು, ಕೆಲಸದವರ ಸಂಬಳ ಊರಿನ ತಲೆ ಮೇಲೆ. 2013ರ ಕಾಯ್ದೆಯಂತೆ ರಕ್ಷಣಾ ಸಾಧನ ಇಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಅದು ಆಗಲೇಬೇಕಾದ ಕಾನೂನು, ಅವನೂ ಒಬ್ಬ ತಾಯಿಯ ಮಗ. ಹಾಗಾಗಿ ಯಂತ್ರ ಬೇಕು, ಯಂತ್ರಕ್ಕೆ ದುಡ್ಡು ಬೇಕು. ಟ್ರ್ಯಾಕ್ಟರ್ ಸಬ್ಸಿಡಿಯಲ್ಲಿ ತಂದು ಡೀಸೆಲ್ಲಿಗೆ ಕಾಸಿಲ್ಲದೆ ಹಟ್ಟಿ ಮುಂದೆ ನಿಲ್ಲಿಸಿದರೆ ಉಳುಮೆ ಆಗುತ್ತದೆಯೇ? ಬೇರೆಯವರು ಕಟ್ಟಿಸಿಕೊಡಬಹುದು, ನಡೆಸುವವರು ನಾವೇ.

ಇದು ಪಟ್ಟಣದವರ ತಲೆನೋವು ಅಂತ ನಾವು ಸುಮ್ಮನಿರುವಂತಿಲ್ಲ. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ನಮ್ಮ ಊರಿನ ಬಾಗಿಲಿಗೂ ಪಟ್ಟಣ ಬಂದಿದೆ. ಪಂಚಾಯಿತಿಯೇ ಇದ್ದರೂ ಜವಾಬ್ದಾರಿ ತಪ್ಪಿದ್ದಲ್ಲ. 15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷಕ್ಕೆ ಕೊಟ್ಟ ಶಿಫಾರಸಿನಲ್ಲಿ ಗ್ರಾಮಗಳ ಅನುದಾನದ ಶೇ. 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಟ್ಟಿತು. ಆ ಬಾಬಿನ ಲೆಕ್ಕವನ್ನು ನಮ್ಮಲ್ಲಿ ಎಷ್ಟು ಜನ ಗ್ರಾಮಸಭೆಯಲ್ಲಿ ಕೇಳಿದ್ದೇವೆ? ನಾನೂ ಕೇಳಿಲ್ಲ, ತಪ್ಪು ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ನನ್ನ ವಿನಂತಿ ಮೂರು. ಒಂದು, ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುಂಚೆ ಕೊಳಚೆ ನೀರು ಎಲ್ಲಿಗೆ, ಯಾರ ಖರ್ಚಿನಲ್ಲಿ ಅಂತ ಗ್ರಾಮಸಭೆಯಲ್ಲಿ ಬರೆಸಿಕೊಳ್ಳೋಣ. ಎರಡು, ಅಕ್ಕಪಕ್ಕದ ಊರುಗಳು ಬೇರೆ ಬೇರೆ ಅರ್ಜಿ ಹಿಡಿದು ಅಲೆಯುವುದು ಬೇಡ. ಒಂದೇ ಇಳಿಜಾರಿನ ಊರುಗಳು ಒಟ್ಟಿಗೆ ಹೋಗೋಣ, ಎಂಟು ಊರು ಹೋದ ಹಾಗೆ. ಮೂರನೆಯದು ಕಹಿ ಮಾತ್ರೆ. ಮನೆ ಕಂದಾಯ, ನೀರಿನ ಕಂದಾಯ ಬಾಕಿ ಇಟ್ಟುಕೊಂಡು ಚರಂಡಿ ಕೇಳುವುದು, ಸುಸ್ತಿ ಉಳಿಸಿಕೊಂಡು ಹೊಸ ಸಾಲ ಕೇಳಿದ ಹಾಗೆ. ಸಂಘದಲ್ಲಿ ಅಂಥವರಿಗೆ ನಾವು ಏನು ಹೇಳುತ್ತೇವೋ ಅದೇ ಮಾತು ಅಲ್ಲಿ ನಮಗೂ ಅನ್ವಯ. ಕಟ್ಟುವವನಿಗೆ ಕೇಳುವ ಹಕ್ಕು ಗಟ್ಟಿ. ಕೈಲಾಗದ ಬಡವರಿಗೆ ರಿಯಾಯಿತಿ ಇರಲಿ, ಎರಡಂತಸ್ತಿನ ಮನೆಯವರಿಗೆ ಬೇಡ.

ಈ ಸಂಘ ಕಟ್ಟಿದ ಹಿರಿಯರು ಮನೆ ಮನೆಗೆ ಹೋಗಿ ಷೇರು ಹಣ ಕೂಡಿಸಿದರು. ಅವರಿಗೆ ಅಂದು ಸಿಕ್ಕಿದ್ದು ರಸೀದಿ ಮಾತ್ರ, ಫಲ ಉಂಡವರು ನಾವು. 50ನೇ ವರ್ಷದ ಹಬ್ಬಕ್ಕೆ ನಾನು ಇರುತ್ತೇನೋ ಇಲ್ಲವೋ. ಅಂದು ಈ ಊರಿನ ಒಂದು ಮಗುವಾದರೂ ನಮ್ಮ ಕೆರೆಯಲ್ಲಿ ಈಜು ಕಲಿಯುವಂತಾದರೆ, ನಾವೂ ಷೇರು ಹಾಕಿದ್ದೆವು ಅಂತ ಆಗುತ್ತದೆ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.