ಗಂಗೆಯ ಆಚೆ ದಡದ ಊರು

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಾಶಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು. ಕಾಶಿಯನ್ನು ಹೊಗಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ ನಾನು ಗಂಗೆಯ ಆಚೆ ದಡದಲ್ಲಿ, ಇಲ್ಲಿಂದ ಸುಮಾರು 16 ಕಿಲೋಮೀಟರು ದೂರವಿರುವ ಮೊಗಲ್‌ಸರಾಯಿಯ ಮಾತನ್ನು ಎತ್ತಿಕೊಳ್ಳುತ್ತೇನೆ. ಬೆಂಗಳೂರಿನಿಂದ ಸಂಘಮಿತ್ರಾ ಗಾಡಿಯಲ್ಲಿ ಬರುವ ನಮ್ಮ ಯಾತ್ರಿಕರು ಇಳಿಯುವುದು ಅಲ್ಲಿಯೇ. ಇಳಿದವರು ಗಂಟುಮೂಟೆ ಹೊತ್ತು ಕಾಶಿಯ ದಾರಿ ಹಿಡಿಯುತ್ತಾರೆಯೇ ಹೊರತು ಆ ಊರನ್ನು ಕಣ್ಣೆತ್ತಿ ನೋಡುವುದಿಲ್ಲ.

ಸರಾಯಿ ಎಂದರೆ ದಾರಿಹೋಕರ ಛತ್ರ. ಹಳೆಯ ಹೆದ್ದಾರಿಯ ಮಗ್ಗುಲಲ್ಲಿ, ಭತ್ತದ ಗದ್ದೆಗಳ ನಡುವೆ ಇದ್ದ ಹಳ್ಳಿ ಅದು. 1862ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯ ಕಂಬಿ ಕಲ್ಕತ್ತೆಯ ಕಡೆಯಿಂದ ಅಲ್ಲಿಗೆ ಬಂದು ಮುಟ್ಟಿತು. 1870ರಲ್ಲಿ ಮುಂಬಯಿಯ ಮಾರ್ಗವು ಜಬ್ಬಲಪುರದ ಮೇಲೆ ಅಲಹಾಬಾದಿನಲ್ಲಿ ಅದರೊಡನೆ ಕೂಡಿತು. ತಿಂಗಳುಗಟ್ಟಲೆ ನಡೆದು ಬರುತ್ತಿದ್ದ ದಕ್ಷಿಣದವರಿಗೆ ಕಾಶಿಯು ದಿನಗಳ ಲೆಕ್ಕಕ್ಕೆ ಸಿಕ್ಕಿತು. ಆದರೂ ರೈಲುಗಾಡಿ ಗಂಗೆಯನ್ನು ದಾಟುವಂತಿರಲಿಲ್ಲ. 1887ರಲ್ಲಿ ಡಫರಿನ್ ಸೇತುವೆ ತೆರೆದ ಮೇಲೆಯೇ ಆ ಕೊರತೆ ನೀಗಿತು. ಇಂದು ಅದಕ್ಕೆ ಮಾಲವೀಯರ ಹೆಸರಿದೆ. 1906ರಲ್ಲಿ ಗಯೆಯ ಮೇಲೆ ಕಲ್ಕತ್ತೆಗೆ ಹತ್ತಿರದ ಮಾರ್ಗವೂ ಪೂರ್ಣವಾಯಿತು. ಹಳ್ಳಿ ಪಟ್ಟಣವಾಯಿತು, ಅಲ್ಲಿಯ ಗೂಡ್ಸ್ ಯಾರ್ಡು ಏಷ್ಯದ ಅತಿ ದೊಡ್ಡ ಯಾರ್ಡುಗಳಲ್ಲೊಂದೆನಿಸಿತು.

ಇಂತಹ ಊರಿಗೆ ಪುರಾಣವೆಲ್ಲಿಯದು ಎನ್ನಬಹುದು. 1904ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಹುಟ್ಟಿದ್ದು ಅಲ್ಲಿಯೇ, ತಾಯಿಯ ತವರುಮನೆಯಲ್ಲಿ. ತಾತ ರೈಲ್ವೆ ಶಾಲೆಯ ಉಪಾಧ್ಯಾಯರು. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಮಗುವನ್ನು ಸಾಕಿದ ಊರು ಅದು. ಆ ಮಗು 1964ರಲ್ಲಿ ದೇಶದ ಪ್ರಧಾನಿಯಾದರು. ದೊಡ್ಡವರು ಹುಟ್ಟುವುದಕ್ಕೆ ಪುಣ್ಯಕ್ಷೇತ್ರವೇ ಆಗಬೇಕೆಂದಿಲ್ಲ.

1968ರ ಫೆಬ್ರವರಿಯಲ್ಲಿ ದೀನದಯಾಳ ಉಪಾಧ್ಯಾಯರ ಮೃತದೇಹ ದೊರೆತದ್ದು ಆ ನಿಲ್ದಾಣದ ಬಳಿಯಲ್ಲಿ. 2018ರಲ್ಲಿ ನಿಲ್ದಾಣಕ್ಕೆ ಅವರ ಹೆಸರನ್ನಿಟ್ಟರು. ಜನರ ಬಾಯಲ್ಲಿ ಹಳೆಯ ಹೆಸರೂ ಉಳಿದಿದೆ. ಹೆಸರಿನ ಬೆಲೆ ನಮಗೆ ತಿಳಿಯದ್ದಲ್ಲ. 1956ರಲ್ಲಿ ಒಂದಾದ ನಮ್ಮ ನಾಡು ಕರ್ನಾಟಕವೆನಿಸಿಕೊಳ್ಳಲು 1973ರವರೆಗೆ ಕಾಯಬೇಕಾಯಿತು. ಹೊಸ ಹೆಸರನ್ನು ಗೌರವಿಸೋಣ, ಹಳೆಯದನ್ನು ಮರೆಯದಿರೋಣ.

ಹೊಟ್ಟೆಪಾಡಿಗೆ ಬಂದವರು ಅಲ್ಲಿ ನೆಲೆನಿಂತು ಊರವರಾದರು. ಇಲ್ಲಿಗೆ ಬಂದ ನಾವೂ ಅಂಥವರೇ ಅಲ್ಲವೇ? ಮುಂದಿನ ಸಲ ನೆಂಟರನ್ನು ಕರೆತರಲು ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ಅವರಿಗೆ ಆ ಊರಿನ ಕಥೆಯನ್ನು ಹೇಳಿರಿ. ನಮ್ಮನ್ನು ಕಾಶಿಗೆ ಮುಟ್ಟಿಸಿದ ಊರಿಗೆ ಅಷ್ಟಾದರೂ ಸಲ್ಲಬೇಕು.