ವಾಪಸ್ ಹೋಗಲೆಂದೇ ಬಂದವರು: ಜರ್ಮನಿಯ ಅತಿಥಿ ಕಾರ್ಮಿಕರ ಕಥೆ

ಬರ್ಲಿನ್‌ನ ಒಂದು ಅಂಗಡಿ, 1960ರ ದಶಕ. ಟರ್ಕಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಹುಡುಗಿಯರಿಗೆ ಮೊಟ್ಟೆ ಬೇಕು. ಜರ್ಮನ್ ಭಾಷೆ ಒಂದಕ್ಷರವೂ ಬರುವುದಿಲ್ಲ. ಅಂಗಡಿಯವನ ಮುಂದೆ ನಿಂತು ಕೋಳಿಯ ಹಾಗೆ ಕೂಗಿ ತೋರಿಸುತ್ತಾರೆ.

ಇದು ಎಮಿನೆ ಸೆವ್ಗಿ ಒಜ್ದಮಾರ್ ಅವರ ಕಾದಂಬರಿಯಲ್ಲಿ ಬರುವ ಸನ್ನಿವೇಶ. ಕಾದಂಬರಿ ನಿಜ, ಆದರೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಒಜ್ದಮಾರ್ ಕೂಡ 1965ರಲ್ಲಿ ಹೀಗೇ ಬರ್ಲಿನ್‌ಗೆ ಹೋಗಿ ಕಾರ್ಖಾನೆಯಲ್ಲಿ ದುಡಿದವರು. ಭಾಷೆ ಬಾರದೆ ಹೋದ ಆ ಹುಡುಗಿಗೆ 2022ರಲ್ಲಿ ಜರ್ಮನ್ ಸಾಹಿತ್ಯದ ಬಹುದೊಡ್ಡ ಗೌರವವಾದ ಗೇಯೊರ್ಗ್ ಬ್ಯೂಖ್ನರ್ ಪ್ರಶಸ್ತಿ ಬಂತು. ಹೋದ ಲಕ್ಷಾಂತರ ಜನರ ಪಾಡು ಮಾತ್ರ ಬೇರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷ ಆಗುವಷ್ಟರಲ್ಲಿ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಆಳು ಸಾಲದಾಯಿತು. ಸ್ವಲ್ಪ ಕಾಲಕ್ಕೆಂದು ಹೊರಗಿನಿಂದ ಕಾರ್ಮಿಕರನ್ನು ಕರೆಸಿಕೊಳ್ಳಲು 1955ರಲ್ಲಿ ಇಟಲಿಯ ಜೊತೆ ಒಪ್ಪಂದವಾಯಿತು, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ಜೊತೆ. ಹೀಗೆ ಬಂದವರನ್ನೇ ‘ಅತಿಥಿ ಕಾರ್ಮಿಕರು’ ಎಂದರು. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು, ಪೂರ್ವದಿಂದ ಬರುತ್ತಿದ್ದ ಜನರೂ ನಿಂತರು. ಅದೇ ವರ್ಷ ಅಕ್ಟೋಬರ್ 30ರಂದು ಟರ್ಕಿಯೊಂದಿಗೆ ಒಪ್ಪಂದ. ಟರ್ಕಿಯವರಿಗೆ ಎರಡೇ ವರ್ಷದ ಗಡುವು: ದುಡಿಯಬೇಕು, ಊರಿಗೆ ಹೋಗಬೇಕು, ಬೇರೆಯವರು ಬರಬೇಕು. ಕಾರ್ಖಾನೆ ಮಾಲೀಕರಿಗೆ ಇದು ಹಿಡಿಸಲಿಲ್ಲ. ಕಲಿತ ಕೈಯನ್ನು ಕಳಿಸಿ ಹೊಸಬನಿಗೆ ಮತ್ತೆ ಅ ಆ ಇ ಈ ಯಾರು ಹೇಳಿಕೊಡುತ್ತಾರೆ? 1964ರಲ್ಲಿ ಗಡುವು ತೆಗೆದರು. ಆದರೂ ‘ಇವರು ಹೋಗುವವರು’ ಎಂಬ ಲೆಕ್ಕಾಚಾರ ಸರ್ಕಾರದ ತಲೆಯಿಂದ ಹೋಗಲಿಲ್ಲ. ಮುಂದಿನ ಎಲ್ಲ ತಾಪತ್ರಯಕ್ಕೂ ಮೂಲ ಅದೇ ಎಂದು ನನಗನ್ನಿಸುತ್ತದೆ.

ಆಯ್ಕೆ ನಡೆಯುತ್ತಿದ್ದುದು ಇಸ್ತಾಂಬುಲ್‌ನಲ್ಲಿ. ಗುಂಪಾಗಿ ಬಟ್ಟೆ ಬಿಚ್ಚಿಸಿ, ಹಲ್ಲು ನೋಡಿ, ಮೂತ್ರ ಪರೀಕ್ಷಿಸಿ, ಪಾಸಾದವರನ್ನು ರೈಲು ಹತ್ತಿಸುತ್ತಿದ್ದರು. ಎರಡು ಮೂರು ದಿನದ ಪ್ರಯಾಣದ ನಂತರ ಮ್ಯೂನಿಕ್ ನಿಲ್ದಾಣದ 11ನೇ ಪ್ಲಾಟ್‌ಫಾರ್ಮ್. ಅದರ ಕೆಳಗಿನ ಯುದ್ಧಕಾಲದ ಬಂಕರ್‌ನಲ್ಲಿ ಊಟ ಕೊಟ್ಟು, ಯಾರು ಯಾವ ಊರಿಗೆ ಎಂದು ಹಂಚುತ್ತಿದ್ದರು. ಅಲ್ಲಿಂದ ಕಂಪನಿಯ ಹಾಸ್ಟೆಲ್: ಮೇಲೊಂದು ಕೆಳಗೊಂದು ಮಂಚ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಕೊಂಡ ಮಾಂಸದಲ್ಲಿ ಹಂದಿ ಸೇರಿದೆಯೋ ಇಲ್ಲವೋ ಎಂಬ ಅನುಮಾನ ಬೇರೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಹೋಗಲು ಜಾಗವಿಲ್ಲ. ಹಾಗಾಗಿ ಜನ ರೈಲು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದರು. ಊರಿನ ಸುದ್ದಿ, ಊರಿನ ಮುಖ ಇಳಿಯುವುದು ಅಲ್ಲೇ ತಾನೆ! 1964ರಲ್ಲಿ ಕೊಲೋನ್ ಬಾನುಲಿ ಟರ್ಕಿಷ್ ಭಾಷೆಯ ಕಾರ್ಯಕ್ರಮ ಶುರು ಮಾಡಿತು. ಕೊನೆಗೂ ತಮ್ಮ ಭಾಷೆಯಲ್ಲಿ ಯಾರೋ ಮಾತಾಡಿದರು.

ಈಗ ಒಂದು ಫೋಟೊದ ಮಾತು. 1964ರ ಸೆಪ್ಟೆಂಬರ್ 10, ಕೊಲೋನ್ ಡಾಯ್ಟ್ಸ್ ನಿಲ್ದಾಣ. ಅದರಲ್ಲಿ ಮೊಪೆಡ್ ಮೇಲೆ ಕುಳಿತಿರುವ ಟೋಪಿಯವರು ಅರ್ಮಾಂಡೊ ರೋಡ್ರಿಗೆಸ್ ಡಿ ಸಾ, ಪೋರ್ಚುಗಲ್‌ನ ಬಡಗಿ. ಹತ್ತು ಲಕ್ಷನೆಯ ಅತಿಥಿ ಕಾರ್ಮಿಕ ಎಂದು ಬ್ಯಾಂಡು ಬಾರಿಸಿ, ಹೂಗುಚ್ಛ, ಆ ಮೊಪೆಡ್ ಕೊಟ್ಟು ಸ್ವಾಗತಿಸಿದರು. ಜರ್ಮನಿಯ ಶಾಲಾ ಪುಸ್ತಕಗಳಲ್ಲೂ ಇರುವ ಚಿತ್ರ ಇದು. ಮುಂದಿನದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಕೆಲ ವರ್ಷಗಳ ನಂತರ ಅವರಿಗೆ ಕ್ಯಾನ್ಸರ್ ಬಂತು, ಊರಿಗೆ ಮರಳಿದರು, ಕೂಡಿಟ್ಟ ದುಡ್ಡು ಚಿಕಿತ್ಸೆಗೆ ಕರಗಿತು. ಜರ್ಮನಿಯ ವಿಮೆಯಿಂದ ನೆರವು ಕೇಳುವ ಹಕ್ಕು ತಮಗಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. 1979ರಲ್ಲಿ ತೀರಿಕೊಂಡರು. ಮೊಪೆಡ್ ಈಗ ಬಾನ್‌ನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಬ್ಯಾಂಡು ತರಿಸಿದವರಿಗೆ ಒಂದು ಕಾಗದ ಓದಿ ಹೇಳುವವರನ್ನು ಕೊಡಬೇಕೆಂದು ಹೊಳೆಯಲಿಲ್ಲ.

1973ರ ನವೆಂಬರ್‌ನಲ್ಲಿ, ತೈಲ ಬಿಕ್ಕಟ್ಟಿನ ಹೊತ್ತಿಗೆ, ಹೊಸ ನೇಮಕಾತಿ ನಿಂತಿತು. ಅಷ್ಟರಲ್ಲಿ ಸುಮಾರು 1.4 ಕೋಟಿ ಜನ ಬಂದಿದ್ದರು, 1.1 ಕೋಟಿಯಷ್ಟು ಜನ ಮರಳಿದರು. ಆದರೆ ಆದೇಶ ತಿರುಗುಬಾಣವಾಯಿತು. ಒಮ್ಮೆ ಹೋದರೆ ಮತ್ತೆ ಬರಲಾಗದು ಎಂದು ಗೊತ್ತಾದ ಮೇಲೆ ಯಾರು ಹೋಗುತ್ತಾರೆ? ಉಳಿದವರು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದರು, ಬದನೆಕಾಯಿ, ಬೆಳ್ಳುಳ್ಳಿ, ಕುರಿಮಾಂಸದ ಅಂಗಡಿ ತೆರೆದರು. 1983ರಲ್ಲಿ ಸರ್ಕಾರ, ಊರಿಗೆ ಹೋಗುವವರಿಗೆ 10,500 ಮಾರ್ಕ್ ಕೊಡುತ್ತೇವೆ ಎಂದಿತು. ಮಗುವೊಂದಕ್ಕೆ 1,500 ಮಾರ್ಕ್ ಹೆಚ್ಚು. ಅಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋಗುವ ಮಗುವಿಗೆ ಯಾವ ಊರು? 1992ರಲ್ಲಿ ಮೋಲ್ನ್, 1993ರಲ್ಲಿ ಜೋಲಿಂಗನ್ ಪಟ್ಟಣಗಳಲ್ಲಿ ವಲಸಿಗರನ್ನು ದ್ವೇಷಿಸುವವರು ಟರ್ಕಿಷ್ ಕುಟುಂಬಗಳ ಮನೆಗೆ ಬೆಂಕಿ ಹಚ್ಚಿದರು. ಎರಡೂ ಕಡೆ ಸೇರಿ ಎಂಟು ಜನ ಸತ್ತರು, ಎಲ್ಲರೂ ಹೆಣ್ಣುಮಕ್ಕಳು.

ಹೊರಗಿನಿಂದ ಬಂದವರಿಗೆ ಭಾಷೆ ಕಲಿಸುವುದು ಸರ್ಕಾರದ ಕೆಲಸ ಎಂದು ಕಾನೂನು ಒಪ್ಪಿದ್ದು 2005ರಲ್ಲಿ: ಸಾಮಾನ್ಯವಾಗಿ 600 ಗಂಟೆಯ ಜರ್ಮನ್ ತರಗತಿ, ಜೊತೆಗೆ ದೇಶದ ಪರಿಚಯದ ಪಾಠ. ಮೊದಲ ಒಪ್ಪಂದವಾಗಿ ಅಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು!

ಈಗ ಹೊರಡುತ್ತಿರುವವರಲ್ಲಿ ನಮ್ಮವರೂ ಇದ್ದಾರೆ. ಇಂದು ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಹೆಚ್ಚು. ಕುಶಲ ಭಾರತೀಯರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರಲ್ಲಿ ಜರ್ಮನಿ ಹೇಳಿತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು: ಭಾಷೆಯ ಜೊತೆಗೆ ನಿಮ್ಮ ವಿಮೆ, ಪಿಂಚಣಿ, ಬಾಡಿಗೆ ಕರಾರುಗಳನ್ನೂ ಓದಿಕೊಂಡು ಹೋಗಿ.

ಅದೇ 2024ರ ಜೂನ್‌ನಲ್ಲಿ ಹೊಸ ಪೌರತ್ವ ಕಾನೂನೂ ಜಾರಿಗೆ ಬಂತು. ಅತಿಥಿ ಕಾರ್ಮಿಕರಾಗಿ ಬಂದ ಹಿರಿಯರು ಪೌರತ್ವಕ್ಕೆ ಇನ್ನು ಲಿಖಿತ ಪರೀಕ್ಷೆ ಬರೆಯಬೇಕಿಲ್ಲ. ದಿನನಿತ್ಯದ ವ್ಯವಹಾರಕ್ಕೆ ಸಾಕಾಗುವಷ್ಟು ಜರ್ಮನ್ ಮಾತಾಡಲು ಬಂದರೆ ಸಾಕು.